ಹಕ್ಕಿ ಡೇರಿಗೆ ಫೋಟೊ ಹಾಕುವವರು

ಸಹಕಾರ ಎಂಬುದು ನಮ್ಮ ಮಂಡ್ಯ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಲ್ಲುತ್ತೇವೆ. ಫ್ಯಾಟು ಕಡಿಮೆ ಬಂತೆಂದು ಟೆಸ್ಟರ್ ಜೊತೆ ಜಗಳ ಕಾಯುತ್ತೇವೆ. ಬಟವಾಡೆ ದಿನ ಅದನ್ನೆಲ್ಲ ಮರೆಯುತ್ತೇವೆ. ಹಾಗಾಗಿ ನನ್ನ ಭಾವಮೈದ ಒಂದು ಭಾನುವಾರ ಬಂದು, "ಭಾವ, ನಾವೊಂದಿಪ್ಪತ್ತು ಜನ ಸೇರ್ಕೊಂಡು ಹಕ್ಕಿ ಫೋಟೊ ಒಟ್ಟು ಮಾಡ್ತಾ ಇದೀವಿ. ಒಬ್ಬರ ಕೈಲಿ ಆಗಲ್ಲ, ಎಲ್ಲಾ ಕೈ ಹಾಕಿದ್ರೆ ಪ್ರಪಂಚದಲ್ಲಿರೋ ಅಷ್ಟೂ ಜಾತಿ ಹಕ್ಕಿ ನಮ್ಮ ಲಿಸ್ಟಿಗೆ ಬತ್ತವೆ" ಎಂದಾಗ ನನಗೆ ಥಟ್ಟನೆ ಅರ್ಥವಾಯಿತು. ಓಹೋ, ಇದೂ ಒಂದು ಡೇರಿ. ಹಾಲಿನ ಬದಲು ಫೋಟೊ ಹಾಕಬೇಕು, ಅಷ್ಟೇ.

ಭಾವಮೈದನಿಗೆ ಶ್ರೀರಂಗಪಟ್ಟಣದ ಕಡೆ ಗೊಬ್ಬರದ ಅಂಗಡಿ. ಕಳೆದ ವರ್ಷದವರೆಗೆ ಅವನಿಗೆ ಗೊತ್ತಿದ್ದ ಹಕ್ಕಿಗಳು ಮೂರು: ಕಾಗೆ, ಕೊಕ್ಕರೆ, ನಾಟಿಕೋಳಿ. ಈಗ ಅವನ ಬಳಿ ಹತ್ತು ಲಕ್ಷ ದಾಟಿದ ಲೆನ್ಸಿದೆ. ತೂಕ ಮೂರು ಕಿಲೊ. ಅದಕ್ಕೆ ಹಸಿರು ಚಿತ್ತಾರದ ಒಂದು ಅಂಗಿ ಹೊಲಿಸಿದ್ದಾನೆ, ತನಗೂ ಅದೇ ಬಟ್ಟೆಯ ಒಂದು ಅಂಗಿ, ಟೋಪಿ, ಪ್ಯಾಂಟು. ಹಕ್ಕಿಗೆ ಕಾಣಬಾರದಂತೆ. ಹೋಗುವುದು ಮಾತ್ರ ಕೆಂಪು ಕಾರಿನಲ್ಲಿ.

ಪ್ರಪಂಚದಲ್ಲಿ ಎಷ್ಟು ಜಾತಿ ಹಕ್ಕಿಗಳಿವೆ ಎಂದು ಕೇಳಿದೆ. ಹನ್ನೊಂದು ಸಾವಿರದ ಆಸುಪಾಸು ಅಂದ. ಅದರಲ್ಲಿ ನಮ್ಮ ದೇಶದಲ್ಲಿ 1,300ಕ್ಕೂ ಹೆಚ್ಚು. ಪೀಟರ್ ಕೇಸ್ಟ್ನರ್ ಎಂಬ ಅಮೆರಿಕದ ನಿವೃತ್ತ ರಾಜತಾಂತ್ರಿಕರು ಊರೂರು ಅಲೆದು 2024ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸಿನ ಕಾಡಿನಲ್ಲಿ 10,000ನೇ ಪ್ರಭೇದವನ್ನು ಕಂಡರಂತೆ. ಅದೇ ಹೊತ್ತಿಗೆ ಇನ್ನೊಬ್ಬರು "ನಾನೂ ಮುಟ್ಟಿದ್ದೀನಿ" ಎಂದು ಎದ್ದು ನಿಂತರಂತೆ. ಇದನ್ನು ಹೇಳುವಾಗ ಭಾವಮೈದನ ಕಣ್ಣಲ್ಲಿದ್ದ ಹೊಳಪನ್ನು ಅವನ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಒಬ್ಬರೇ ಹತ್ತು ಸಾವಿರ ನೋಡಬಹುದಾದರೆ ಇಪ್ಪತ್ತು ಜನ ಸೇರಿದರೆ ಹನ್ನೊಂದು ಸಾವಿರ ಯಾವ ಲೆಕ್ಕ? ಆದರೆ ಒಂದು ಷರತ್ತಿದೆ: ಕಂಡರೆ ಸಾಲದು, ಫೋಟೊ ಬೇಕು. ಫೋಟೊ ಇಲ್ಲದ ಹಕ್ಕಿ ಪಹಣಿ ಇಲ್ಲದ ಜಮೀನಿನ ಹಾಗೆ. ನೀವು ಮೂರು ತಲೆಮಾರಿನಿಂದ ಉಳುತ್ತಿರಬಹುದು, ಯಾರೂ ನಂಬುವುದಿಲ್ಲ.

ನನ್ನನ್ನೂ ವಾಟ್ಸ್ಯಾಪ್ ಗುಂಪಿಗೆ ಸೇರಿಸಿದರು. ಅಲ್ಲಿನ ಅಧ್ಯಕ್ಷರು ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು. ಬೆಳಗ್ಗೆ ಏಳಕ್ಕೆ ಫೋಟೊ ಸುರಿಯಲು ಶುರುವಾಗುತ್ತದೆ. ಅಧ್ಯಕ್ಷರು ಒಂದೊಂದನ್ನೂ ಹಿಗ್ಗಿಸಿ ನೋಡುತ್ತಾರೆ. ಕಣ್ಣು ಚೂಪಾಗಿ ಬಂದಿದೆಯೇ? ಮೂತಿ ಮುಂದೆ ಕಡ್ಡಿ ಅಡ್ಡ ಬಂದಿದೆಯೇ? ಹಿನ್ನೆಲೆ ಬೆಣ್ಣೆ ಸವರಿದ ಹಾಗಿದೆಯೇ? ಇಲ್ಲವಾದರೆ "ರೆಕಾರ್ಡ್ ಶಾಟ್" ಎಂದು ಬರೆಯುತ್ತಾರೆ. ಹಾಗೆಂದರೆ ಡಿಗ್ರಿ ಬಂದಿಲ್ಲ, ಕ್ಯಾನು ವಾಪಸ್ ತಗೊಂಡು ಹೋಗಿ ಎಂದು ಅರ್ಥ.

ನಾನು ಉತ್ಸಾಹದಲ್ಲಿ ನಮ್ಮ ಹಿತ್ತಿಲ ನುಗ್ಗೆಮರದ ಮೇಲೆ ಕೂತಿದ್ದ ಕಾಗೆಯ ಫೋಟೊ ಹಾಕಿದೆ. ಗುಂಪಿನಲ್ಲಿ ಸಾವಿನ ಮನೆಯ ಮೌನ. ಅರ್ಧಗಂಟೆ ಬಿಟ್ಟು ಅಧ್ಯಕ್ಷರು ಕೈಮುಗಿದ ಒಂದು ಚಿತ್ರ ಹಾಕಿದರು. ಹಾಲಿಗೆ ನೀರು ಬೆರೆಸಿ ತಂದವನನ್ನು ಡೇರಿಯಲ್ಲಿ ಎಲ್ಲರೂ ಹೇಗೆ ನೋಡುತ್ತಾರೋ ಹಾಗೆ ಇಪ್ಪತ್ತು ಜನ ನನ್ನನ್ನು ನೋಡಿದ್ದು ಫೋನಿನಾಚೆಯಿಂದಲೇ ತಿಳಿಯಿತು. ಮರುದಿನ ಕರೆಂಟು ತಂತಿಯ ಮೇಲೆ ಕೂತ ನೀಲಕಂಠ ಹಾಕಿದೆ. "ಆಗಲೇ ಇದೆ ಸರ್" ಎಂದರು. ಕರ್ನಾಟಕದ ರಾಜ್ಯಪಕ್ಷಿ ಅದು. ಕಳೆದ ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಅದರ ಸಂಖ್ಯೆ ಶೇಕಡ 30ರಷ್ಟು ಇಳಿದಿದೆ ಎಂದು 2023ರಲ್ಲಿ ಬಂದ 'ಭಾರತದ ಹಕ್ಕಿಗಳ ಸ್ಥಿತಿ' ವರದಿ ಹೇಳಿತ್ತು. ಅದು ಗೊತ್ತಾದದ್ದಾದರೂ ಹೇಗೆ? ಸುಮಾರು 30,000 ಹಕ್ಕಿ ವೀಕ್ಷಕರು ಕಾಗೆ, ಗೊರವಂಕ, ಪಾರಿವಾಳ ಎನ್ನದೆ ಕಂಡದ್ದನ್ನೆಲ್ಲ ಎಣಿಸಿ ಬರೆದಿಟ್ಟಿದ್ದಕ್ಕೆ. ಅದೂ ಸಹಕಾರವೇ, ಆದರೆ ಅಲ್ಲಿ ಕಾಗೆಗೂ ರೇಟಿದೆ. ನಮ್ಮ ಡೇರಿಯಲ್ಲಿ ಒಂದು ಜಾತಿಯ ಒಂದು ಫೋಟೊ ಬಂದ ಮೇಲೆ ಆ ಜಾತಿ ಸತ್ತರೂ ಬದುಕಿದರೂ ಲಿಸ್ಟಿಗೆ ಬಾಧಕವಿಲ್ಲ.

ಇನ್ನು ಸಹಕಾರದ ಮಾತು. ಯಾರಾದರೂ ಹೊಸ ಹಕ್ಕಿ ಹಾಕಿದರೆ ಮೊದಲು ಚಪ್ಪಾಳೆಯ ಚಿತ್ರಗಳು ಬೀಳುತ್ತವೆ, ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಎಲ್ಲಿ ಸರ್?" ಉತ್ತರ: "ಮೈಸೂರು ಸುತ್ತಮುತ್ತ." ಒಬ್ಬರಂತೂ "ದಕ್ಷಿಣ ಭಾರತ" ಎಂದು ಬರೆದರು. ಫೋಟೊದ ಮೂಲೆಯಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರ ಕಾಲು ಕಾಣುತ್ತಿತ್ತು.

ಲಿಸ್ಟು ಬೆಳೆಯಲು ಕಾಡಿಗೇ ಹೋಗಬೇಕೆಂದಿಲ್ಲ ಎಂಬುದು ನನಗೆ ಗೊತ್ತಾದದ್ದು ಬೆಳ್ಳಕ್ಕಿಯ ವಿಷಯದಲ್ಲಿ. ಗದ್ದೆ ಉಳುವಾಗ ಎಮ್ಮೆಯ ಹಿಂದೆ, ಈಗ ಟ್ರಾಕ್ಟರಿನ ಹಿಂದೆ ಹುಳ ಹೆಕ್ಕಿಕೊಂಡು ಬರುತ್ತದಲ್ಲ, ಆ ಗೋವಕ್ಕಿ. ಅದನ್ನು ಪಂಡಿತರು 2024ರಲ್ಲಿ ಪಶ್ಚಿಮದ್ದು ಬೇರೆ, ಪೂರ್ವದ್ದು ಬೇರೆ ಎಂದು ಎರಡು ಮಾಡಿದರು. ನಮ್ಮ ಕಂದಾಯದ ಭಾಷೆಯಲ್ಲಿ ಹೇಳುವುದಾದರೆ ಗೋವಕ್ಕಿಗೆ ಪೋಡಿ ಆಯಿತು. ಅದೇ ವರ್ಷ ಕಣಜಗೂಬೆಯನ್ನು ಮೂರು ಪಾಲು ಮಾಡಿದರು. ತಾಲ್ಲೂಕು ಆಫೀಸಿನಲ್ಲಿ ಒಂದು ಪೋಡಿಗೆ ಅಲೆದು ಅಲೆದು ಚಪ್ಪಲಿ ಸವೆಸಿಕೊಂಡವನು ನಾನು. ಇಲ್ಲಿ ನೋಡಿದರೆ ಸರ್ವೆಯರ್ ಇಲ್ಲ, ಚೆಕ್ಕುಬಂದಿ ಇಲ್ಲ, ಮೇಜಿನ ಕೆಳಗಿನ ವ್ಯವಹಾರವಿಲ್ಲ. ಹಿಂದೊಮ್ಮೆ ಮಗನ ಮನೆಗೆಂದು ಲಂಡನ್ನಿಗೆ ಹೋಗಿದ್ದ ಸದಸ್ಯರೊಬ್ಬರ ಹಳೇ ಗೂಬೆ ಫೋಟೊ, ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದ ಇನ್ನೊಬ್ಬರ ಗೂಬೆ ಫೋಟೊ, ಎರಡೂ ಧೂಳು ಕೊಡವಿಕೊಂಡು ಬೇರೆ ಬೇರೆ ಜಾತಿಯಾಗಿ ಎದ್ದು ನಿಂತವು. ಗುಂಪಿನಲ್ಲಿ ಲಾಡು ಹಂಚಿದಷ್ಟು ಸಂಭ್ರಮ.

ಆದರೆ ಅಧ್ಯಕ್ಷರ ಮುಖ ಸಪ್ಪಗಿತ್ತು. ಅವರು ಕೆನಡಾದ ಹಿಮದಲ್ಲಿ ನಾಲ್ಕು ಗಂಟೆ ನಿಂತು ರೆಡ್‌ಪೋಲ್ ಎಂಬ ಪುಟ್ಟ ಹಕ್ಕಿಯ ಎರಡು ಜಾತಿಗಳನ್ನು ತೆಗೆದಿದ್ದರು. ಅದೇ ಪಂಡಿತರು ಅದೇ ವರ್ಷ ಮೂರು ರೆಡ್‌ಪೋಲ್‌ಗಳನ್ನೂ ಕೂಡಿಸಿ ಒಂದೇ ಮಾಡಿಬಿಟ್ಟಿದ್ದರು. ಅಧ್ಯಕ್ಷರ ಖಾತೆಯಿಂದ ಒಂದು ಹಕ್ಕಿ ಕಳೆದುಹೋಯಿತು. ಹಕ್ಕಿ ಅಲ್ಲಿ ಹಿಮದಲ್ಲಿ ಆರಾಮಾಗಿ ಕಾಳು ತಿನ್ನುತ್ತಿದೆ, ಸೂತಕ ಮಾತ್ರ ಮೈಸೂರಿನಲ್ಲಿ.

ಭಾವಮೈದ ಫೋನು ಮಾಡಿದ್ದು ಆಗಸ್ಟ್ ತಿಂಗಳಲ್ಲಿ. ಕಟ್ಟೆಯಿಂದ ನಾಲೆಗೆ ನೀರು ಬಿಟ್ಟು, ಎಲ್ಲ ಕಡೆ ಭತ್ತದ ಸಸಿಗೆಂದು ಒಟ್ಲು ಬಿಟ್ಟಿದ್ದರು. "ಭಾವ, ಪೇಂಟೆಡ್ ಸ್ನೈಪ್ ಸಿಕ್ಕದೆ. ನಮ್ಮ ಗಿರಾಕಿ ಒಬ್ಬನ ಗದ್ದೇಲಿ. ನಾಳೆ ಐದು ಗಂಟೆಗೆ ರೆಡಿ ಇರಿ" ಎಂದ. ನಾನು ಮದ್ದೂರು ವಡೆಯ ಆಸೆಗೆ ಒಪ್ಪಿಕೊಂಡೆ.

ಹೋಗಿ ನೋಡುತ್ತೇನೆ, ಬದುವಿನ ಮೇಲೆ ಹದಿನೆಂಟು ಜನ, ಹದಿನೆಂಟು ಮುಕ್ಕಾಲಿ. ಎಲ್ಲರೂ ಪೊದೆಯ ವೇಷದಲ್ಲಿ. ಗದ್ದೆಯ ಬಯಲಲ್ಲಿ ಒಂದೇ ಒಂದು ಪೊದೆ ಇರಲಿಲ್ಲ, ಹೀಗಾಗಿ ಆ ಹದಿನೆಂಟು ಪೊದೆಗಳು ಎರಡು ಫರ್ಲಾಂಗಿನಿಂದಲೇ ಕಾಣುತ್ತಿದ್ದವು. ಜೊಂಡಿನ ಬುಡದಲ್ಲಿ ಒಂದು ಪುಟ್ಟ ಸ್ಪೀಕರು ಕಟ್ಟಿದ್ದರು. ಅದರಿಂದ ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ "ಊಕ್, ಊಕ್" ಎಂದು ಸದ್ದು. ಆ ಹಕ್ಕಿಯದೇ ಕೂಗಂತೆ. ತನ್ನ ಜಾಗಕ್ಕೆ ಯಾರೋ ಬೇರೆಯವರು ಬಂದರು ಅಂದುಕೊಂಡು ಹಕ್ಕಿ ಜಗಳಕ್ಕೆ ಹೊರಗೆ ಬರುತ್ತದಂತೆ. ದಾಯಾದಿಯ ದನಿಯನ್ನು ರೆಕಾರ್ಡ್ ಮಾಡಿ ನಸುಕಿನಲ್ಲಿ ಯಾರದೋ ಬಾಗಿಲ ಮುಂದೆ "ಈ ಜಮೀನು ನಂದು ಕನ್ಲಾ" ಎಂದು ಹಾಕಿದರೆ ಒಳಗಿರುವವನು ಲುಂಗಿ ಕಟ್ಟಿಕೊಳ್ಳುತ್ತ ಓಡಿ ಬರುತ್ತಾನಲ್ಲ, ಅದೇ ಉಪಾಯ.

ಅಷ್ಟರಲ್ಲಿ ಗದ್ದೆಯ ಯಜಮಾನ ಬಂದ. ಹೆಗಲ ಮೇಲೆ ಗುದ್ದಲಿ. ಮುಕ್ಕಾಲಿಗಳ ಸಾಲು ನೋಡಿ ಅವನ ಕಾಲು ಅಲ್ಲೇ ನಿಂತಿತು. ಬೆಂಗಳೂರು ಮೈಸೂರು ಹೆದ್ದಾರಿ ಅಗಲ ಮಾಡುವಾಗ ಇಂಥದ್ದೇ ಮುಕ್ಕಾಲಿಗಳನ್ನು ಕಂಡವನು.

"ಏನ್ ಸಾ, ರೋಡಾ, ರೈಲಾ?"

"ಅಲ್ಲಪ್ಪ, ಹಕ್ಕಿ."

"ಎಷ್ಟು ಗುಂಟೆ ಓಯ್ತದೆ?"

ಅವನಿಗೆ ಹಕ್ಕಿಗೋಸ್ಕರ ಬಂದಿದ್ದೇವೆ ಎಂದು ನಂಬಿಸಲು ಹತ್ತು ನಿಮಿಷ ಹಿಡಿಯಿತು. ನಂಬಿದ ಮೇಲೆ ಅವನು ಕೆಳಗೆ ನೋಡಿದ. ಅಧ್ಯಕ್ಷರ ಎರಡೂ ಗಂಬೂಟು ಅವನ ಒಟ್ಲಿನೊಳಗಿದ್ದವು. ಎಂಟು ದಿನದ ಪೈರು, ಗಿಳಿಹಸಿರು, ಬೂಟಿನ ಅಚ್ಚಿಗೆ ಸರಿಯಾಗಿ ಕೆಸರಿನಲ್ಲಿ ಅಂಟಿಕೊಂಡಿತ್ತು. ಅವನು ಬಗ್ಗಿ ಒಂದೆರಡು ಸಸಿ ಎತ್ತಿ ನಿಲ್ಲಿಸಲು ನೋಡಿದ, ಅವು ನಿಲ್ಲಲಿಲ್ಲ. "ಶ್, ಅಲ್ಲಾಡಬೇಡ" ಎಂದು ಹದಿನೆಂಟು ಪೊದೆಗಳು ಒಟ್ಟಿಗೆ ಪಿಸುಗುಟ್ಟಿದವು.

ಹಕ್ಕಿ ಬಂದಿತ್ತು. ಜೊಂಡಿನ ಮರೆಯಿಂದ ಒಂದು ಕೊಕ್ಕು, ಆಮೇಲೆ ಕಂದು ಬಣ್ಣದ ಬೆನ್ನು. ಕ್ಯಾಮೆರಾಗಳು ಸೆಕೆಂಡಿಗೆ ಇಪ್ಪತ್ತರಂತೆ ಪಟಪಟ ಎಂದವು. ಈಗಿನ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಅರ್ಜುನನಿಗೆ ದ್ರೋಣರು ವರ್ಷಗಟ್ಟಲೆ ಕಲಿಸಿದ್ದನ್ನು ಒಂದು ಚಿಪ್ಪು ಕಲಿತುಕೊಂಡಿದೆ. ದ್ರೋಣರು ಮರದ ಮೇಲೆ ಇಟ್ಟದ್ದು ಗೊಂಬೆ ಹಕ್ಕಿಯನ್ನು ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

"ಛೆ, ಹೆಣ್ಣು" ಎಂದರು ಅಧ್ಯಕ್ಷರು. "ಬಣ್ಣ ಇಲ್ಲ. ಗಂಡು ಬರಲಿ, ಕಾಯೋಣ."

ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಮೆಲ್ಲಗೆ, "ಸರ್, ಇದರಲ್ಲಿ ಉಲ್ಟಾ. ಬಣ್ಣ ಇರೋದು ಹೆಣ್ಣಿಗೆ. ಹೆಣ್ಣು ಮೊಟ್ಟೆ ಇಟ್ಟು ಬೇರೆ ಗಂಡಿನ ಹತ್ರ ಹೋಗುತ್ತೆ. ಕಾವು ಕೂರೋದು, ಮರಿ ಸಾಕೋದು ಎಲ್ಲ ಗಂಡೇ" ಎಂದಳು. ಸಭೆ ಒಂದು ಕ್ಷಣ ಸ್ತಬ್ಧವಾಯಿತು. ಹದಿನೇಳು ಗಂಡಸರು ಆ ಹಕ್ಕಿಯನ್ನು ಆ ದಿನ ಮೊದಲ ಬಾರಿಗೆ ಬರಿಗಣ್ಣಿನಿಂದ ನೋಡಿದರು. ಆಮೇಲೆ ಯಾರೋ ಕೇಳಿದರು: "ಹಾಗಾದ್ರೆ ಈ ಗಂಡು ಯಾಕೆ ಪದೇ ಪದೇ ಅಲ್ಲಿಗೇ ಹೋಗ್ತಾ ಇದೆ?"

ಗದ್ದೆಯವನು ಹೇಳಿದ: "ಮೊಟ್ಟೆ ಮಡಗದೆ ಅಲ್ಲಿ. ನಾಕು. ನಾನು ಆ ಮೂಲೆ ಬುಟ್ಟು ಕಳೆ ತಗೀತಿದ್ನಿ."

ನಮ್ಮ ಸಹಕಾರ ಸಂಘದಲ್ಲಿ ಇಪ್ಪತ್ತು ಸದಸ್ಯರಿದ್ದಾರೆ, ಲೆನ್ಸು ಅಡವಿಟ್ಟುಕೊಂಡ ಫೈನಾನ್ಸಿನವನೂ ಒಂದು ಲೆಕ್ಕಕ್ಕೆ ಪಾಲುದಾರನೇ. ಹಾಲು ಕೊಡುವ ಹಸುವಿಗೆ ಡೇರಿಯಿಂದ ಹಿಂಡಿ ಸಿಗುತ್ತದೆ, ಜ್ವರ ಬಂದರೆ ಡಾಕ್ಟರು ಬರುತ್ತಾರೆ. ಈ ಹಕ್ಕಿಗೆ ಸಿಕ್ಕಿದ್ದು ಆ ಸ್ಪೀಕರು. ಹುಡುಗಿ ಹೋಗಿ ಅದನ್ನು ಬಂದ್ ಮಾಡಿದಳು. ಅಧ್ಯಕ್ಷರು "ಇನ್ನೈದು ನಿಮಿಷಮ್ಮಾ" ಎಂದು ಗೋಗರೆದರು. ನಾನು ವಡೆಯ ಬಗ್ಗೆ ನೆನಪಿಸಿದೆ.

ಒಟ್ಲಿನ ನಷ್ಟಕ್ಕೆಂದು ಭಾವಮೈದ ಐನೂರರ ನೋಟು ಕೊಟ್ಟ. ಅದನ್ನು ಮಡಿಸಿ ಜೇಬಿಗಿಡುವಾಗ ಗದ್ದೆಯವನ ಮುಖದಲ್ಲಿ ಏನೋ ಒಂದು ಲೆಕ್ಕ ಓಡಿದ್ದನ್ನು ನಾನು ಕಂಡೆ. ರೈತನ ಮುಖದಲ್ಲಿ ಲೆಕ್ಕ ಓಡುವುದು ಅಪರೂಪ, ಅದು ಓಡುವ ಹಾಗೆ ಯಾವ ಬೆಳೆಯೂ ಮಾಡುವುದಿಲ್ಲ.

ಮುಂದಿನ ಭಾನುವಾರಕ್ಕೆ ಗದ್ದೆಯ ಬಳಿ ತೆಂಗಿನ ಗರಿಯ ಚಪ್ಪರ ಎದ್ದಿತ್ತು. ಲೆನ್ಸಿಗೆ ನೂರು, ಮೊಬೈಲಿಗೆ ಇಪ್ಪತ್ತು, ಕಾರು ನಿಲ್ಲಿಸಲು ಮೂವತ್ತು. ಅವನ ಹೆಂಡತಿ ಟೀ, ಬೋಂಡ ಇಟ್ಟಿದ್ದಳು. ಕೂರಲು ಚೆಂದವಾಗಿರಲೆಂದು ನೀರಿನ ನಡುವೆ ಒಂದು ಒಣಕೊಂಬೆಯನ್ನೂ ನೆಟ್ಟಿದ್ದ. ಅದರ ಮೇಲೆ ಒಂದು ಮಿಂಚುಳ್ಳಿ ಬಂದು ಕೂತರೆ "ಅದು ಬುಡಿ ಸಾ, ಫ್ರೀ" ಎನ್ನುತ್ತಿದ್ದ. ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಲು ಸಲೀಂ ಅಲಿಯವರಂಥವರು ಮಹಾರಾಜರಿಗೆ ಹೇಳಿ 1940ರಲ್ಲಿ ಆದೇಶ ಆಗಬೇಕಾಯಿತು. ಇಲ್ಲಿ ಏಳೇ ದಿನದಲ್ಲಿ ಕೆಲಸ ಮುಗಿದಿತ್ತು. ಗುಂಪಿನ ಲಿಸ್ಟಿನಲ್ಲಿ ಈಗ ಪೇಂಟೆಡ್ ಸ್ನೈಪ್ ಸೇರಿದ್ದರಿಂದ ನಮ್ಮವರು ಆ ಕಡೆ ತಲೆ ಹಾಕಲಿಲ್ಲ. ಬೆಂಗಳೂರಿನ ಇನ್ಯಾವುದೋ ಡೇರಿಯವರು ಬಂದಿದ್ದರು.

ಮೂರನೇ ವಾರ ಭಾವಮೈದನ ಅಂಗಡಿಯಲ್ಲಿ ಕೂತಿದ್ದೆ. ಗದ್ದೆಯವನ ಫೋನು ಬಂತು. ಸ್ಪೀಕರಿಗೆ ಹಾಕಿದ.

"ಅಣ್ಣೋ, ಹಕ್ಕಿ ಮರಿ ಕಟ್ಕಂಡು ನಮ್ಮಣ್ಣನ ಗದ್ದೆಗೆ ಓಗ್ಬುಟ್ಟದೆ. ಅವ್ನು ಆಗ್ಲೇ ಚಪ್ಪರ ಆಕವ್ನೆ."

"ಬದು ಪಕ್ಕದ್ದೇ ಅಲ್ವಾ, ನಡ್ಕೊಂಡು ಹೋಯ್ತಾರೆ ಬಿಡು."

"ಅದೆಂಗಾದದು? ಪೋಡಿ ಆಗಿಲ್ಲ ಕನಣ್ಣ, ಕೇಸು ಕೋರ್ಟಲ್ಲದೆ. ಹಕ್ಕಿ ಯಾರ ಬಾಬ್ತು ಅಂತ ಲಾಯರ್ನ ಕೇಳಿವ್ನಿ." ಒಂದು ಗಳಿಗೆ ಸುಮ್ಮನಾಗಿ ದನಿ ತಗ್ಗಿಸಿದ. "ಅವತ್ತು ಊಕ್ ಊಕ್ ಅಂತ ಕೂಗುಸ್ತಿದ್ರಲ್ಲ, ಆ ಡಬ್ಬ ಎಷ್ಟಕ್ಕೆ ಕೊಡ್ತೀರಾ?"