ನಾಳೆ ಗಾಡಿ ಖಾಲಿ ಇದ್ಯಾ?

"ಕಾರು ಕೊಡಿ" ಅಂತ ಚಿಕ್ಕಮಗಳೂರಲ್ಲಿ ಯಾರೂ ನೇರವಾಗಿ ಕೇಳುವುದಿಲ್ಲ. ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತದೆ. ಮಳೆ ಎಷ್ಟಿಂಚು ಬಿತ್ತು, ಮೆಣಸಿನ ರೇಟು ಏನಾಯ್ತು, ಆಳು ಸಿಕ್ಕರಾ, ಎಲ್ಲ ವಿಚಾರಣೆ ಮುಗಿದ ಮೇಲೆ, ಈಗಷ್ಟೇ ನೆನಪಾಯಿತು ಅನ್ನುವ ಧಾಟಿಯಲ್ಲಿ, "ಭಾವ, ನಾಳೆ ನೀವೆಲ್ಲಾದ್ರೂ ಹೊರಟಿದೀರಾ?" ಇಲ್ಲಪ್ಪ ಅಂದಿರೋ, ಕೀಲಿಕೈ ಅರ್ಧ ಕೈಬಿಟ್ಟ ಹಾಗೇ. ಈ ಪ್ರಶ್ನೆಗೆ ಸರಿಯಾದ ಉತ್ತರ "ಯಾಕೆ?" ಎಂಬುದು. ಆದರೆ ಭಾವಮೈದುನನಿಗೆ ಅಷ್ಟು ಒರಟಾಗಿ ಹೇಳಲು ನಮ್ಮ ಬಾಯಿ ಬರುವುದಿಲ್ಲ.

ಕಾರಣ ಇಂಥದ್ದು ಅಂತ ಗೊತ್ತಾದರೆ ನೆಪ ಹುಡುಕುವುದು ಕಷ್ಟವಲ್ಲ. ಹೊರನಾಡಿಗೆ ಅಂದರೆ "ಕ್ಲಚ್ ಜಾರ್ತಾ ಇದೆ, ಘಾಟಿ ಹತ್ತಲ್ಲ" ಅನ್ನಬಹುದು. ಬೇಲೂರಿನ ಛತ್ರದ ಮದುವೆಗಾದರೆ "ಅಯ್ಯೋ, ನಮಗೂ ಕರೆದಿದಾರೆ" ಸಾಕು. ಹಾಸನಾಂಬೆ ಬಾಗಿಲು ತೆಗೆದಿರುವ ದಿನಗಳಲ್ಲಿ, ಹಾಸನದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂಬುದು ಸುಳ್ಳೂ ಅಲ್ಲ. ಆದರೆ "ಇನ್ಶೂರೆನ್ಸ್ ಮುಗಿದಿದೆ" ಅಂತ ಮಾತ್ರ ಯಾರೂ ಹೇಳಬಾರದು. ನಿಜವಾದರೆ ಅದೇ ಒಂದು ಅಪರಾಧ: ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಇರಬಹುದು. ಸುಳ್ಳಾದರೆ, ಬೆಳಿಗ್ಗೆ ಐ.ಜಿ. ರಸ್ತೆಯಲ್ಲಿ ನಿಮ್ಮ ಗಾಡಿ ನೋಡಿದವರು ಆ ಕಡೆ ಫೋನಿನ ಪಕ್ಕದಲ್ಲೇ ಕೂತಿರುತ್ತಾರೆ.

ಯಾವ ನೆಪಕ್ಕೂ ಬಗ್ಗದ ಕಾರಣ ಒಂದಿದೆ. "ಅಪ್ಪಂಗೆ ಕಿವಿ ಕೇಳ್ತಿಲ್ಲ ಭಾವ. ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸ್ಬೇಕು."

ಇದಕ್ಕೆ ಇಲ್ಲ ಅನ್ನುವ ಗಂಡಸು ಮಲೆನಾಡಲ್ಲಿ ಹುಟ್ಟಿಲ್ಲ. ಕಿವಿ ಕೇಳದ ಹಿರಿಯರನ್ನು ಬಸ್ಸಲ್ಲಿ ಕರೆದೊಯ್ಯಿ ಅನ್ನುವುದಾದರೂ ಹೇಗೆ? ಕಂಡಕ್ಟರು "ಎಲ್ಲಿಗೆ?" ಅಂದರೆ ಅವರು "ಎಪ್ಪತ್ತಾರು" ಅನ್ನುತ್ತಾರೆ, ಅದೂ ಇಡೀ ಬಸ್ಸಿಗೆ ಕೇಳುವ ಹಾಗೆ. ಆದ್ದರಿಂದ ಕಾರು ಹೋಗುತ್ತದೆ. ಹೋಗಲಿ. ಹೋಗುವ ಮುಂಚೆ ಓಡಿಸುವವನ ಲೈಸೆನ್ಸನ್ನು ಡಿಜಿಲಾಕರಿನಲ್ಲಿ ತೆಗೆಸಿ, ಮುಗಿಯುವ ತಾರೀಕು ನೋಡಬೇಕು. ನೆಂಟಸ್ತಿಕೆ ಕೆಡುತ್ತದೆ ಅಂತ ಇದನ್ನು ಮಾಡದವರೇ ಹೆಚ್ಚು. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಮೋಟಾರು ವಾಹನ ಕಾಯ್ದೆಯ 180ನೇ ಸೆಕ್ಷನ್ ಹಿಡಿಯುವುದು ಕೊಟ್ಟವನನ್ನು: 5,000 ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. "ಹುಡುಗ ಚೆನ್ನಾಗಿ ಓಡಿಸ್ತಾನೆ, ತೋಟದಲ್ಲೆಲ್ಲ ಅವನೇ" ಅಂತ ಪಿಯುಸಿ ಓದುವ ಮಗನನ್ನು ಮುಂದೆ ಕೂರಿಸಿದರೆ ಕಥೆಯೇ ಬೇರೆ. 2019ರ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೂ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ವಿಮೆಯ ವಿಷಯದಲ್ಲಿ ಜನಕ್ಕೊಂದು ಭ್ರಮೆ ಇದೆ. ಲೈಸೆನ್ಸ್ ಇರುವ ಯಾರು ಓಡಿಸಿದರೂ ಗಾಡಿಗೆ ವಿಮೆ ಇರುತ್ತದೆ, ನಿಜ. ಆದರೆ ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ ತಾನೇ ಓಡಿಸುವಾಗಿನದು, ಭಾವಮೈದುನನಿಗೆ ಅದು ವರ್ಗಾವಣೆ ಆಗುವುದಿಲ್ಲ. ನಮ್ಮ ರಾಜ್ಯದ ಪ್ರಕರಣವೊಂದರಲ್ಲಿ, ಎರವಲು ತಂದ ಬೈಕಿನಲ್ಲಿ ಹೋಗುತ್ತಿದ್ದವನು ಎತ್ತಿನಗಾಡಿಗೆ ಗುದ್ದಿ ತೀರಿಕೊಂಡಿದ್ದ. 2009ರಲ್ಲಿ ಸುಪ್ರೀಂ ಕೋರ್ಟು, ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಹಾಗಾಗಿ ಕಾಯ್ದೆಯಲ್ಲಿ ಆಗ ಇದ್ದ 163ಎ ಸೆಕ್ಷನ್ನಿನಡಿ ಅವನ ಮನೆಯವರು ಪರಿಹಾರ ಕೇಳುವ ಹಾಗಿಲ್ಲ ಎಂದಿತು. ಇನ್ನು ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ. ಮೊದಲ ವರ್ಷ ಶೇ. 20, ಐದು ವರ್ಷ ಕ್ಲೇಮಿಲ್ಲದೆ ದಾಟಿದರೆ ಶೇ. 50. ಅದನ್ನು ಕಾಪಾಡುವ ಆಡ್-ಆನ್ ಇಲ್ಲದಿದ್ದರೆ ಒಂದೇ ಕ್ಲೇಮಿಗೆ ಸೊನ್ನೆ, ಯಾರು ಗುದ್ದಿದರು ಅಂತ ಕಂಪನಿ ಕೇಳುವುದಿಲ್ಲ. "ಬಂಪರ್ ಅಷ್ಟೇ ಭಾವ, ಇನ್ಶೂರೆನ್ಸಲ್ಲಿ ಮಾಡಿಸ್ಕೊಳ್ಳಿ" ಅಂತ ಉದಾರವಾಗಿ ಹೇಳುವವರಿಗೆ ಈ ಲೆಕ್ಕ ಗೊತ್ತಿದ್ದೂ ಗೊತ್ತಿರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕಾರು ಕೊಡುವವರು ತಲೆ ಕೆಡಿಸಿಕೊಳ್ಳದ ಒಂದು ಸಂಗತಿ ಇದೆ. ಕಿವಿಯ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪರೀಕ್ಷೆಗೊಮ್ಮೆ, ಯಂತ್ರ ಹಾಕಿಸುವುದಕ್ಕೊಮ್ಮೆ, ಎರಡು ವಾರ ಬಿಟ್ಟು ಸರಿಮಾಡಿಸುವುದಕ್ಕೊಮ್ಮೆ, ಆಮೇಲೆ "ಯಾಕೋ ಕುಯ್ ಅಂತಿದೆ" ಅಂತ ಮತ್ತೊಮ್ಮೆ. ಚಿಕ್ಕಮಗಳೂರಿಂದ ಬೇಲೂರು, ಹಾಸನ, ಹೊಳೆನರಸೀಪುರ, ಕೆ.ಆರ್. ನಗರ ಹಾಯ್ದು ಮೈಸೂರು ಸುಮಾರು 180 ಕಿಲೋಮೀಟರು. ಹೋಗಿಬರುವುದನ್ನು ನಾಲ್ಕರಿಂದ ಗುಣಿಸಿ ನೋಡಿ. ಆದ್ದರಿಂದ ಮಾವನ ಕಿವಿ ಯಾರಿಗೆ ತೋರಿಸಬೇಕು ಅನ್ನುವುದನ್ನು ತೀರ್ಮಾನಿಸುವ ಹಕ್ಕು ಕಾರಿನ ಮಾಲೀಕನಿಗೇ ಇರಬೇಕು. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಮೊದಲು ಮೈಸೂರೇ ಬೇಕಾ ಎಂಬ ಪ್ರಶ್ನೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಮಾತು ಬಾರದ ಮಗು, ಸಿಕ್ಕಲು ಪ್ರಕರಣ, ಆಪರೇಷನ್ ಮಾಡಿ ಕಿವಿಯೊಳಗೇ ಯಂತ್ರ ಕೂರಿಸುವ (ಕಾಕ್ಲಿಯರ್ ಇಂಪ್ಲಾಂಟ್) ಮಟ್ಟದ ಕಿವುಡು ಅಂದರೆ ಕಣ್ಣು ಮುಚ್ಚಿ ಅಲ್ಲಿಗೇ ಹೋಗಬೇಕು. ವಯಸ್ಸಿನ ಮಂದಗಿವಿಗೆ ಅಷ್ಟು ದೂರ ಹೋಗಬೇಕಿಲ್ಲ. ಕಿವಿ ಸೋರುತ್ತಿದ್ದರೆ, ತಲೆ ಸುತ್ತಿದರೆ, ಒಂದೇ ಕಿವಿ ಮಂದವಾಗಿದ್ದರೆ, ಮೊದಲು ಇಲ್ಲೇ ಜಿಲ್ಲಾಸ್ಪತ್ರೆಯಲ್ಲೋ ಹಾಸನದ ಮೆಡಿಕಲ್ ಕಾಲೇಜಿನಲ್ಲೋ ಇಎನ್‌ಟಿ ಡಾಕ್ಟರು. ನಿನ್ನೆ ಕೇಳುತ್ತಿದ್ದ ಕಿವಿ ಇವತ್ತು ಬೆಳಿಗ್ಗೆ ಕೇಳುತ್ತಿಲ್ಲ ಅಂದರೆ ಅದು ತುರ್ತು. ಮೂರು ದಿನದೊಳಗೆ ಚಿಕಿತ್ಸೆ ಶುರುವಾದರೆ ಉಳಿಯುವ ಸಾಧ್ಯತೆ ಹೆಚ್ಚು. ಆಗ ಮಾತ್ರ ಕೇಳುವ ಮುಂಚೆಯೇ ಕೀ ಕೊಟ್ಟುಬಿಡಿ, ಲೈಸೆನ್ಸ್ ಬೇಕಾದರೆ ಗೇಟಿನ ಹತ್ತಿರ ನೋಡಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಯಾರಾದರೂ ಕಿವಿಗೆ ಬಿಡಲು ಬಂದರೆ ತಡೆಯಿರಿ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿಯುತ್ತದೆ.

ಇನ್ನು ಯಂತ್ರ ಹಾಕುವವರು. ಊರೂರಿಗೆ "ಉಚಿತ ಕಿವಿ ತಪಾಸಣೆ" ಬ್ಯಾನರು ಕಟ್ಟಿಕೊಂಡು ಬರುವ ಶಿಬಿರಗಳನ್ನು ಕಂಡರೆ ಮೈ ಉರಿಯುತ್ತದೆ. ಸಮುದಾಯ ಭವನ, ತಲೆಯ ಮೇಲೆ ಗರಗರ ಅನ್ನುವ ಫ್ಯಾನು, ಹೊರಗೆ ಮೈಕಿನಲ್ಲಿ ಭಜನೆ, ಈ ಮಧ್ಯೆ ಹಿರಿಯರ ಕಿವಿಗೆ ಹೆಡ್‌ಫೋನು ಹಾಕಿ "ಕೇಳ್ತಾ ಅಜ್ಜ?" ಅಂದರೆ ಯಾರಿಗೆ ಕೇಳೀತು? ಎಲ್ಲರೂ ಕಿವುಡರೇ, ಎಲ್ಲರಿಗೂ ಇವತ್ತೇ ಮುಗಿಯುವ ರಿಯಾಯಿತಿ. ಸರಿಯಾದ ಜಾಗದಲ್ಲಿ ಮೊದಲು ಓಟೋಸ್ಕೋಪಿನಲ್ಲಿ ಕಿವಿಯೊಳಗೆ ನೋಡುತ್ತಾರೆ. ಗುಗ್ಗೆ ಕಟ್ಟಿದ್ದರೆ ಅದನ್ನು ತೆಗೆಸಿ ಬನ್ನಿ ಅನ್ನುತ್ತಾರೆ. ಎಷ್ಟೋ ಜನರ ಕಿವುಡು ಅಲ್ಲಿಗೇ ವಾಸಿ. ಆಮೇಲೆ ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ, 250 ಹರ್ಟ್ಸ್‌ನಿಂದ 8,000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೊಟ್ಟು, ಎಷ್ಟು ಡೆಸಿಬೆಲ್ಲಿಗೆ ಕೇಳಲು ಶುರುವಾಗುತ್ತದೆ ಅಂತ ಒಂದು ಹಾಳೆಯ ಮೇಲೆ ಗುರುತು ಹಾಕುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ. 25 ಡೆಸಿಬೆಲ್ ಒಳಗಿದ್ದರೆ ಸಹಜ, 40 ದಾಟಿದರೆ ಮನೆಯಲ್ಲಿ ಟಿವಿ ಜಗಳ ಶುರುವಾಗಿರುತ್ತದೆ. ಈ ಹಾಳೆ ರೋಗಿಯ ಸ್ವತ್ತು. ಅದರ ಪ್ರತಿ ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬರುವುದೇ ಲೇಸು.

ಆ ಹಾಳೆಯಲ್ಲಿ ವಯಸ್ಸಾದವರ ಗೆರೆ ಎಡದಿಂದ ಬಲಕ್ಕೆ ಇಳಿಜಾರಾಗಿರುತ್ತದೆ. ದಪ್ಪ ದನಿಯೆಲ್ಲ ಕೇಳುತ್ತದೆ, ತೆಳು ದನಿ ಬಿಟ್ಟುಹೋಗುತ್ತದೆ. ಸ, ಶ, ತ, ಕ ಮೊದಲು ಮಾಯವಾಗುತ್ತವೆ. ಅದಕ್ಕೇ ಮಾವ "ಕೇಳುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ" ಅನ್ನುವುದು. ಕಿರುಚಿದರೆ ಸ್ವರಗಳಷ್ಟೇ ದೊಡ್ಡದಾಗುತ್ತವೆ, ಗೋಡೆಯಾಚೆಯವರಿಗೆ ಮನೆಯ ಗುಟ್ಟು ತಿಳಿಯುತ್ತದೆ, ಅಷ್ಟೇ. ಎದುರಿಗೆ ಕೂತು, ಮುಖ ಕಾಣುವಂತೆ, ನಿಧಾನಕ್ಕೆ ಮಾತಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಕೂತಲ್ಲೇ ಕೇಳಬೇಕಾದ ಪ್ರಶ್ನೆಗಳಿವೆ. ಪರೀಕ್ಷೆ ಮಾಡುವವರು ಶ್ರವಣ ಪರೀಕ್ಷೆಯನ್ನೇ ಓದಿ ಬಂದ ಆಡಿಯಾಲಜಿಸ್ಟೋ, ಬರೀ ಸೇಲ್ಸ್‌ಮ್ಯಾನೋ? ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಪತ್ರ ಗೋಡೆಯ ಮೇಲಿದೆಯೋ, ಇಲ್ಲ ಬರೀ ಕಂಪನಿಯ ಪೋಸ್ಟರೋ? ಒಂದೇ ಕಂಪನಿಯ ಯಂತ್ರವೋ, ಮೂರ್ನಾಲ್ಕು ತೋರಿಸುತ್ತಾರೋ? ಕೊಳ್ಳುವ ಮುಂಚೆ ಕೆಲವು ದಿನ ಮನೆಯಲ್ಲಿ ಹಾಕಿ ನೋಡಲು ಕೊಡುತ್ತಾರಾ? ಕಿವಿಯೊಳಗೆ ಸಣ್ಣ ಕೊಳವೆ ಇಟ್ಟು, ತಮಟೆಯ ಹತ್ತಿರ ನಿಜಕ್ಕೂ ಎಷ್ಟು ಸದ್ದು ತಲುಪುತ್ತಿದೆ ಅಂತ ಅಳೆಯುತ್ತಾರಾ? ಬಹಳ ಕಡೆ ಕಂಪ್ಯೂಟರು ಊಹಿಸಿದ್ದನ್ನೇ ತುಂಬಿ ಕಳಿಸುತ್ತಾರೆ. ಎಲ್ಲಕ್ಕಿಂತ ಮುಖ್ಯ, ಆ ಯಂತ್ರವನ್ನು ಬೇರೆ ಕಡೆ ಪ್ರೋಗ್ರಾಮ್ ಮಾಡಿಸಬಹುದಾ, ಅಥವಾ ಮಾರಿದವರ ಸಾಫ್ಟ್‌ವೇರಿಗೇ ಬೀಗ ಬಿದ್ದಿದೆಯಾ? ಬೀಗ ಬಿದ್ದಿದ್ದರೆ ಬದುಕಿರುವಷ್ಟು ಕಾಲ ಆ ಊರಿಗೇ ಓಡಬೇಕು, ಅದೂ ಯಾರ ಕಾರಿನಲ್ಲಿ ಅಂತ ಬಿಡಿಸಿ ಹೇಳಬೇಕಿಲ್ಲ. ಈಗಿನ ಕೆಲವು ಯಂತ್ರಗಳನ್ನು ಮೊಬೈಲ್ ಮೂಲಕ ದೂರದಿಂದಲೇ ಸರಿಮಾಡುತ್ತಾರೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಇದ್ದರೆ.

ಮಲೆನಾಡಿನ ಹವೆ ಈ ಯಂತ್ರಗಳಿಗೆ ಆಗುವುದಿಲ್ಲ. ಜುಲೈ ತಿಂಗಳಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಕಡಲೆಕಾಳಿನಷ್ಟು ಸ್ಪೀಕರು ಒಣಗೀತೆ? ಮೊದಲು ದನಿ ಕುಗ್ಗುತ್ತದೆ, ಆಮೇಲೆ ಬಿಟ್ಟು ಬಿಟ್ಟು ಬರುತ್ತದೆ, ಕೊನೆಗೆ ಮೌನ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿಡಬೇಕು. ಒಲೆಯ ದಂಡೆಯ ಮೇಲೆ ಇಡಬಾರದು. ಪುಟ್ಟ ಬ್ಯಾಟರಿಗಳ ಸ್ಟಿಕರಿಗೂ ಬಣ್ಣದ ಲೆಕ್ಕವಿದೆ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಸ್ಟಿಕರು ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಕಿತ್ತದ್ದು ಕಿತ್ತಂತೆ, ಬಳಸದಿದ್ದರೂ ಖಾಲಿಯಾಗುತ್ತ ಹೋಗುತ್ತದೆ. ಕುಯ್ ಅನ್ನುವುದು ಸಾಮಾನ್ಯವಾಗಿ ಕಿವಿಗೆ ಸರಿಯಾಗಿ ಕೂರದಿದ್ದಾಗ, ಇಲ್ಲವೇ ಗುಗ್ಗೆ ತುಂಬಿದಾಗ. ಇಷ್ಟು ತಿಳಿದಿದ್ದರೆ ನಾಲ್ಕರಲ್ಲಿ ಒಂದು ಮೈಸೂರು ಪ್ರಯಾಣ ಉಳಿಯಿತು. ಮೊದಲ ವಾರದಲ್ಲಿ "ಮಿಕ್ಸಿ ಸದ್ದು ತಲೆ ತಿಂತಿದೆ" ಅಂತ ಅದನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುವುದು ವಾಡಿಕೆ. ವರ್ಷಗಟ್ಟಲೆ ಕೇಳದ ಸದ್ದಿಗೆ ಮಿದುಳು ಒಗ್ಗಲು ಕೆಲವು ವಾರ ಬೇಕು. ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ ಏರಿಸಬೇಕು.

ಕಾರಿನ ಮಾತು ಹಿಂದೆಯೇ ಉಳಿಯಿತು.

ಗಾಡಿ ರಾತ್ರಿ ವಾಪಸ್ ಬರುತ್ತದೆ. ಮೀಟರಿನಲ್ಲಿ ಮೈಸೂರಿಗೆ ಹೋಗಿಬಂದದ್ದಕ್ಕಿಂತ ಎಪ್ಪತ್ತು ಕಿಲೋಮೀಟರು ಜಾಸ್ತಿ. "ಹೆಂಗೂ ಗಾಡಿ ಇತ್ತಲ್ಲ" ಎಂಬ ಮಾತಿನಲ್ಲಿ ಚಾಮುಂಡಿ ಬೆಟ್ಟವೂ ಇದೆ, ಸಕಲೇಶಪುರದ ಹತ್ತಿರದ ಅತ್ತೆಮನೆಯೂ ಇದೆ. ಸೀಟು ಹಿಂದಕ್ಕೆ, ಕನ್ನಡಿ ಆಕಾಶಕ್ಕೆ, ಬ್ಲೂಟೂತಿನಲ್ಲಿ ಅವನ ಫೋನು. ಸುಟ್ಟ ವಾಸನೆ ಬಂದರೆ ಏರಿನಲ್ಲಿ ಅರ್ಧ ಕ್ಲಚ್ ಹಿಡಿದೇ ನಿಲ್ಲಿಸಿದ್ದಾನೆ ಅಂತ ಅರ್ಥ. ಹ್ಯಾಂಡ್‌ಬ್ರೇಕ್ ಅನ್ನುವುದೊಂದು ಇದೆಯೆಂದು ಕೀ ಕೊಡುವಾಗಲೇ ಹೇಳಬೇಕಿತ್ತು. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕು, ಬ್ರೇಕನ್ನೇ ತುಳಿಯುತ್ತ ಬರಬೇಡ, ಕಾದ ಬ್ರೇಕು ಹಿಡಿಯುವುದಿಲ್ಲ ಅಂತಲೂ. ಡೀಸೆಲ್ ಗಾಡಿಯಾದರೆ ಟ್ಯಾಂಕಿನ ಮುಚ್ಚಳದ ಮೇಲೆ ಕೈಯಲ್ಲಾದರೂ ದೊಡ್ಡದಾಗಿ ಬರೆದಿರಬೇಕು. ಪೆಟ್ರೋಲಿನ ನಳಿಕೆ ಸಣ್ಣದು, ಡೀಸೆಲ್ ಟ್ಯಾಂಕಿನ ಬಾಯಿಗೆ ಸಲೀಸಾಗಿ ಇಳಿಯುತ್ತದೆ. ಹಾಗೆ ಪೆಟ್ರೋಲು ಬಿದ್ದುಹೋದರೆ ಕೀ ತಿರುಗಿಸಲೇಬಾರದು, ಇಗ್ನಿಷನ್ ಆನ್ ಕೂಡ ಮಾಡದೆ ತಳ್ಳಿಸಿ ಟ್ಯಾಂಕು ಖಾಲಿ ಮಾಡಿಸಬೇಕು. ಸ್ಟಾರ್ಟ್ ಮಾಡಿದರೆ ಪಂಪು, ಇಂಜೆಕ್ಟರು ಎಲ್ಲ ಹೋಗುತ್ತವೆ. ನೀರು ತುಂಬಿದ ರಸ್ತೆಯಲ್ಲಿ ಇಂಜಿನ್ ನಿಂತರೂ ಅದೇ ಮಾತು. ಎರಡನೇ ಸಲ ಸ್ಟಾರ್ಟ್ ಮಾಡಿ ಕೆಟ್ಟ ಇಂಜಿನ್ನಿಗೆ, ಅದಕ್ಕೆಂದೇ ಬೇರೆ ರಕ್ಷಣೆ ತೆಗೆದುಕೊಂಡಿರದಿದ್ದರೆ, ವಿಮೆಯವರು ಕೈ ಎತ್ತುತ್ತಾರೆ.

ತೋಟದ ರಸ್ತೆಯ ಕಲ್ಲಿಗೆ ಅಡಿ ತಗುಲಿದ್ದನ್ನು ಯಾರೂ ಹೇಳುವುದಿಲ್ಲ. ಗಾಡಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಎಣ್ಣೆಯ ಕಲೆ ಇದೆಯಾ ನೋಡಿ, ಇದ್ದರೆ ಸ್ಟಾರ್ಟ್ ಮಾಡುವ ಮುಂಚೆ ಡಿಪ್‌ಸ್ಟಿಕ್ ಎಳೆಯಿರಿ. ಹಿಂದಿನ ಡಿಕ್ಕಿಯಲ್ಲಿ ಜಾಕು, ಸ್ಪ್ಯಾನರು, ಸ್ಟೆಪ್ನಿ ಮೂರೂ ಇವೆಯೋ ಎಣಿಸಿ. ಹಾಸನದಾಚೆ ಬೆಂಗಳೂರು ರಸ್ತೆಯ ಶಾಂತಿಗ್ರಾಮದ ಟೋಲಿನ ಫಾಸ್ಟ್ಯಾಗ್ ಮೆಸೇಜು ನಿಮ್ಮ ಫೋನಿಗೇ ಬಂದರೆ, ಮೈಸೂರಿನ ದಾರಿಯಲ್ಲಿ ಆ ಟೋಲು ಎಲ್ಲಿಂದ ಬಂತು ಅಂತ ಕೇಳಬೇಡಿ, ಅತ್ತೆಮನೆ ಒಂದೇ ಇರುವುದಿಲ್ಲ. ಚಲನ್ನು ಆಮೇಲೆ ಬರುತ್ತದೆ, ಅದೂ ನಿಮ್ಮ ಹೆಸರಿಗೇ.

ಕೊಡುವ ಮುಂಚೆ ಗಾಡಿಯ ನಾಲ್ಕು ಮೂಲೆ, ಮೀಟರು, ಪೆಟ್ರೋಲಿನ ಮುಳ್ಳು, ಎಲ್ಲದರ ಫೋಟೋ ಅವನ ಎದುರಿಗೇ ತೆಗೆದು ಅವನಿಗೇ ವಾಟ್ಸಾಪ್ ಮಾಡುವುದು ಒಳ್ಳೆಯದು. ಮುಖ ಗಂಟಿಕ್ಕುತ್ತಾನೆ, ಅಕ್ಕನ ಹತ್ತಿರ ಹೇಳುತ್ತಾನೆ. ಹೇಳಲಿ. ಹಾಸನದವರೆಗೆ ಬಸ್ಸಿದೆ, ಅಲ್ಲಿಂದ ಮೈಸೂರಿಗೆ ರೈಲೇ ಇದೆ.