ಬಟನ್ ಫೋನಿಗಿರೋ ಮರ್ಯಾದೆಯೂ ನನ್ನ ಫೋನಿಗಿಲ್ಲ

ಗೂಗಲ್, ಆಪಲ್ ಬಿಟ್ಟು ಬೇರೆ ಓಎಸ್ (ಫೋನ್ ನಡೆಸೋ ಮೂಲ ಸಾಫ್ಟ್‌ವೇರ್) ಯಾಕೆ ಓಡಲ್ಲ, ಜನ ಯಾಕೆ ತಗೊಳ್ಳಲ್ಲ ಅಂತ ಚರ್ಚೆ ಮಾಡೋ ಪಂಡಿತರೆಲ್ಲ ಒಂದ್ಸಲ ನನ್ನ ಫೋನಲ್ಲಿ ಬ್ಯಾಂಕ್ ಆ್ಯಪ್ ತೆರೆದು ನೋಡ್ಬೇಕು. ಕೆಂಪು ತ್ರಿಕೋನ, ಅದರ ಕೆಳಗೆ ಒಂದು ಸಾಲು: ನಿಮ್ಮ ಫೋನ್ ರೂಟ್ ಆಗಿದೆ, ಸುರಕ್ಷತೆಗಾಗಿ ಆ್ಯಪ್ ಮುಚ್ಚಲಾಗುತ್ತಿದೆ. ಸ್ವಾಮಿ, ರೂಟ್ ಮಾಡಿಲ್ಲ, ಅಂದ್ರೆ ಫೋನಿನ ಪೂರ್ತಿ ಜುಟ್ಟು ಕೈಗೆ ತಗೊಂಡಿಲ್ಲ! ಫೋನ್ ಆನ್ ಆಗುವಾಗ ಓಎಸ್ ಎಬ್ಬಿಸೋ ಬೂಟ್‌ಲೋಡರ್ ಅನ್‌ಲಾಕ್ ಮಾಡಿ, ಆಂಡ್ರಾಯ್ಡ್ ಕೋಡಿಂದಲೇ ಸ್ವಯಂಸೇವಕರು ಕಟ್ಟಿದ ಲಿನೇಜ್ ಓಎಸ್ ಹಾಕಿದ್ದೀನಿ ಅಷ್ಟೇ. ಎರಡಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ನನ್ನ ದುಡ್ಡು ಕಾಯ್ತಾರಂತೆ.

ಕಂಪನಿ ಈ ಫೋನಿಗೆ ಅಪ್‌ಡೇಟ್ ನಿಲ್ಲಿಸಿ ಯಾವ ಕಾಲವಾಯ್ತೋ. ಲಿನೇಜ್ ಹುಡುಗರು ಪುಕ್ಕಟೆ ದುಡಿದು ಸೆಕ್ಯುರಿಟಿ ಪ್ಯಾಚ್ ಕೊಡ್ತಿದಾರೆ. ಅಮ್ಮನ ಹಳೇ ಫೋನಲ್ಲಿರೋದು ಆಂಡ್ರಾಯ್ಡ್ 9, ಪ್ಯಾಚ್ ಮುಖ ನೋಡಿ ವರ್ಷಗಳಾಗಿವೆ. ಅದರಲ್ಲಿ ಇದೇ ಆ್ಯಪ್ ಜಾಮ್ ಅಂತ ಓಡುತ್ತೆ! ಯಾಕಂದ್ರೆ ಆ್ಯಪಿನವರು ಪ್ಲೇ ಇಂಟೆಗ್ರಿಟಿ ಅನ್ನೋ ಗೂಗಲ್‌ದೇ ತಪಾಸಣೆ ಮೂಲಕ ಕೇಳೋದು ಗೂಗಲ್‌ನ: ಈ ಫೋನ್ ನಂಬಬಹುದಾ ಅಂತ. ಗೂಗಲ್ ಸರ್ಟಿಫೈ ಮಾಡಿದ ಸಾಫ್ಟ್‌ವೇರ್ ಅಲ್ಲದಿದ್ರೆ ಫೇಲ್. ಎದುರಾಳಿಗೆ ಗೇಟ್ ಪಾಸ್ ಕೊಡೋ ಅಧಿಕಾರ ಗೂಗಲ್ ಕೈಲೇ ಇಟ್ಟು, ಪೈಪೋಟಿ ಯಾಕಿಲ್ಲ ಅಂತ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?

ಕಸ್ಟಮರ್ ಕೇರ್‌ಗೆ ಮಾಡಿದ್ರೆ, "ಸರ್, ಬೇರೆ ಫೋನ್ ಯೂಸ್ ಮಾಡಿ." ಕೊಡಿಸ್ತೀಯೇನಪ್ಪಾ? ಬೀನ್ಸ್ ತೂಗಿಸಿಕೊಂಡು ಕ್ಯೂಆರ್ ಮುಂದೆ ನಿಂತು ಪರ್ಸಲ್ಲಿ ಚಿಲ್ಲರೆ ತಡಕಾಡೋನು ನಾನು. ಹಿಂದೆ ನಿಂತವರು "ಬೇಗ ಸಾರ್" ಅಂತಾರೆ. ಇದಕ್ಕಿಂತ ಉರಿಯೋದು ಇನ್ನೊಂದಿದೆ: 2022ರ ಮಾರ್ಚಲ್ಲಿ ಯುಪಿಐ 123ಪೇ ಬಂತು, ಬಟನ್ ಫೋನಿಂದ ಕರೆ ಮಾಡಿ ದುಡ್ಡು ಕಳಿಸಬಹುದು. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ನಾನೂ ಈಗ ಸ್ಮಾರ್ಟ್‌ಫೋನಲ್ಲಿ ಆ ಐವಿಆರ್, ಅಂದ್ರೆ ರೆಕಾರ್ಡ್ ಮಾಡಿದ ದನಿ, ಹೇಳಿದ್ದು ಕೇಳ್ಕೊಂಡು ಒಂದೊಂದೇ ನಂಬರ್ ಒತ್ತುತ್ತಾ ಕೂರಬೇಕಾ?

ಇದೇನು ಇವತ್ತಿನ ಕಥೆಯಲ್ಲ. ಮೈಕ್ರೋಸಾಫ್ಟ್‌ನಂಥ ಮೈಕ್ರೋಸಾಫ್ಟೇ 2013ರಲ್ಲಿ ವಿಂಡೋಸ್ ಫೋನಿಗೆ ಯೂಟ್ಯೂಬ್ ಆ್ಯಪ್ ತಾನೇ ಬರೆದುಕೊಂಡ್ರೆ, ಗೂಗಲ್ ಅದನ್ನ ಬ್ಲಾಕ್ ಮಾಡ್ತು. 2014ರಲ್ಲಿ ಇಂಟೆಕ್ಸ್ 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್ ಫೋನ್ ಬಿಟ್ಟಿತು. ಅಷ್ಟು ಅಗ್ಗ, ಆದ್ರೆ ಅಧಿಕೃತ ವಾಟ್ಸ್ಆ್ಯಪ್ ಇಲ್ಲ. ನಮ್ಮೂರಲ್ಲಿ ವಾಟ್ಸ್ಆ್ಯಪ್ ಇಲ್ಲದ ಫೋನ್ ಯಾರಿಗೆ ಬೇಕು? 2015ರ ಕೊನೆಗೆ ಆ ಓಎಸ್ ಮಾಡಿದ ಮೊಜಿಲ್ಲಾ ಕೈ ಎತ್ತಿತು. ಅದೇ ಕೋಡಿಂದ ಹುಟ್ಟಿದ ಕಾಯ್ ಓಎಸ್ ಜಿಯೋಫೋನಲ್ಲಿ ಕೂತು ಕೋಟಿಗಟ್ಟಲೆ ಜನರ ಕೈ ಸೇರಿದ ಮೇಲೆ, 2018ರಲ್ಲಿ ವಾಟ್ಸ್ಆ್ಯಪ್ ಓಡೋಡಿ ಬಂತು. 2024ರಲ್ಲಿ ಅಲ್ಲಿಂದಲೂ ಗಂಟುಮೂಟೆ ಕಟ್ಟೋಕೆ ಶುರು ಮಾಡಿತು ಅನ್ನಿ. ದೊಡ್ಡೋರ ಹೆಸರು ಬೆನ್ನಿಗಿದ್ರೂ ಗತಿ ಅಷ್ಟೇ.

ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ಭರೋಸ್ ಅನ್ನೋ ಫೋನ್ ಓಎಸ್ ನೆನಪಿದೆಯಾ? 2023ರ ಜನವರಿಯಲ್ಲಿ ಕೇಂದ್ರ ಮಂತ್ರಿಗಳೇ ಫೋನ್ ಹಿಡಿದು ಪರೀಕ್ಷೆ ಮಾಡಿದ್ರು, ಸ್ವದೇಶಿ ಅಂತ ಚಪ್ಪಾಳೆ ಬಿತ್ತು. ಎಷ್ಟು ಅಂಗಡೀಲಿ ನೋಡಿದ್ದೀರಿ ಹೇಳಿ? ಚಪ್ಪಾಳೆ ಬದಲು, ಯುಪಿಐ ಆ್ಯಪ್ ಗೂಗಲ್ ಚೀಟಿ ಇಲ್ಲದೆಯೂ ಓಡಬೇಕು ಅಂತ ಒಂದು ನಿಯಮ ಮಾಡಿದ್ರೆ ಸಾಕಿತ್ತು.

ಬ್ಯಾಂಕಿಗೆ ದೂರು ಬರೆದಿದ್ದೆ. ನಿನ್ನೆ ಮೆಸೇಜ್ ಬಂತು: ನಿಮ್ಮ ಸಮಸ್ಯೆ ಬಗೆಹರಿದಿದೆ, ನಮ್ಮ ಸೇವೆಗೆ ರೇಟಿಂಗ್ ಕೊಡಿ ಅಂತ. ರೇಟಿಂಗ್ ಕೊಡೋಕೆ ಆ್ಯಪ್ ತೆರೀಬೇಕಂತೆ, ಥೂ!