ಕಿವಿಗೆ ಹತ್ತಿ ಇಟ್ಟುಕೊಂಡ ಎಕ್ಸೆಲ್

ಆಷಾಢದ ಮಳೆಯಲ್ಲಿ ಶಿರಸಿ ಕಡೆಯ ನಮ್ಮ ಹಳ್ಳಿಯಲ್ಲಿ ಕರೆಂಟು ಇರುವುದೇ ಒಂದು ಸುದ್ದಿ. ಆವತ್ತು ಇತ್ತು. ಹಾಗಾಗಿ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಜಗಲಿಗೆ ಬಂದು, "ಹೆಗಡೇರೇ, ಕೊಳೆ ಔಷಧಿ ಹೊಡೆದ ಲೆಕ್ಕ ಮುಗಿಸಿಬಿಡುವಾ" ಅಂದಾಗ ಗತ್ತಿನಿಂದ ಲ್ಯಾಪ್‌ಟಾಪ್ ತೆರೆದೆ.

ನಮ್ಮ ತೋಟದ ಲೆಕ್ಕವೆಲ್ಲ ಎಕ್ಸೆಲ್‌ನಲ್ಲಿದೆ. ರಾಶಿ ಅಡಿಕೆ ಎಷ್ಟು, ಚಾಲಿ ಅಡಿಕೆ ಎಷ್ಟು, ಔಷಧಿಗೆ ಮೈಲುತುತ್ತ ತಂದಿದ್ದೆಷ್ಟು, ಎಲ್ಲ. ಅದರ ಒಂದು ಶೀಟಿನಲ್ಲಿ 10,48,576 ಸಾಲುಗಳಿರುತ್ತವೆ. ನಮ್ಮ ಒಂದೂವರೆ ಎಕರೆಯ ಮರಕ್ಕೆ ಒಂದರಂತೆ ಸಾಲು ಕೊಟ್ಟರೂ 10 ಲಕ್ಷಕ್ಕಿಂತ ಜಾಸ್ತಿ ಖಾಲಿ ಉಳಿಯುತ್ತವೆ. ಆದರೂ ಇಟ್ಟಿದ್ದೇನೆ. ಮರ್ಯಾದೆ ಪ್ರಶ್ನೆ.

'ಅಡಿಕೆ ಲೆಕ್ಕ' ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಎಕ್ಸೆಲ್ ಬಂತು. ಲೆಕ್ಕ ಬರಲಿಲ್ಲ. ಹೊರಗಿನ ಆಕಾಶದ ಬಣ್ಣದ್ದೇ ಒಂದು ಬೂದು ಪರದೆ, ಅಷ್ಟೇ. ಮತ್ತೆ ಕ್ಲಿಕ್. ಮತ್ತೆ ಬೂದು. ಮೂವತ್ತು ಸಲ ಕುಟ್ಟಿದೆ. ಕೊನೆಗೌಡ ಕುತ್ತಿಗೆ ಚಾಚಿ ನೋಡಿ, "ಬಾಗಿಲು ತೆರೀತು, ಒಳಗೆ ಯಾರೂ ಇಲ್ಲ" ಅಂದ.

ಕುಡಿಯಲು ಆಸರಿಗೆ ತಂದ ನನ್ನವಳು ಒಂದು ಕ್ಷಣ ನಿಂತು, "ಮೇಲೆ 'ಫೈಲ್' ಹೇಳಿ ಇದ್ದಲಿ, ಅಲ್ಲಿಂದ ಓಪನ್ ಮಾಡಿ ನೋಡಲಾಗ್ತಿಲ್ಯ?" ಅಂದಳು. "ನೀ ಸುಮ್ನಿರೇ" ಅಂದೆ.

ಬೆಂಗಳೂರಿನ ಅಳಿಯನಿಗೆ ಫೋನು ಹಚ್ಚಿದೆ. ಫೈಲ್ ಕರಪ್ಟ್ ಆಗಿರಬಹುದು ಅಂದ. ನಮ್ಮ ಲೆಕ್ಕದಲ್ಲಿ ಕರಪ್ಟ್ ಆಗುವಷ್ಟು ದುಡ್ಡೆಲ್ಲಿದೆ? ಆಮೇಲೆ, "ಮಾವ, ಎಕ್ಸೆಲ್ ಒಳಗೇ ಹೋಗಿ, ಫೈಲ್, ಓಪನ್ ಅಂತ ಒತ್ತು" ಅಂದ. ಒತ್ತಿದೆ. ತೆರೆಯಿತು! ಅಡುಗೆಮನೆಯಲ್ಲಿ ಒಂದು ಸೌಟು ಜೋರಾಗಿ ಸದ್ದು ಮಾಡಿತು.

ಅಂದರೆ ಫೈಲು ಸರಿಯಿದೆ, ಕೆಟ್ಟಿದ್ದು ಡಬಲ್ ಕ್ಲಿಕ್ಕು. ಅಳಿಯ ದಾರಿ ಹೇಳುತ್ತ ಹೋದ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್. ಕೆಳಗೆ ಇಳಿ, ಇನ್ನೂ ಇಳಿ, ಜನರಲ್ ಅಂತ ಸಿಗತ್ತೆ. ತೋಟದ ಧರೆ ಇಳಿದಂತೆ ಇಳಿದೆ. ಅಲ್ಲಿತ್ತು: 'ಇಗ್ನೋರ್ ಅದರ್ ಅಪ್ಲಿಕೇಶನ್ಸ್ ದಟ್ ಯೂಸ್ ಡೈನಮಿಕ್ ಡೇಟಾ ಎಕ್ಸ್‌ಚೇಂಜ್.' ಮುಂದೊಂದು ಟಿಕ್.

ನಾವು ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್ ಎಕ್ಸೆಲ್ಲನ್ನು ಎಬ್ಬಿಸಿ, 'ಇಂಥ ಫೈಲು ತೆಗಿ ಮಾರಾಯ' ಅಂತ ಡಿಡಿಇ, ಅಂದರೆ ಪ್ರೋಗ್ರಾಮುಗಳು ತಮ್ಮತಮ್ಮಲ್ಲಿ ಮಾತಾಡುವ ಈ ಡೈನಮಿಕ್ ಡೇಟಾ ಎಕ್ಸ್‌ಚೇಂಜ್ ಮೂಲಕ ಹೇಳುತ್ತದಂತೆ. ಈ ಟಿಕ್ ಇದ್ದರೆ ಎಕ್ಸೆಲ್ ಏಳುತ್ತದೆ, ಆದರೆ ಬೇರೆಯವರ ಮಾತು ಕೇಳುವುದಿಲ್ಲ. ಬೂದು ಮುಖ ಮಾಡಿಕೊಂಡು ಕೂರುತ್ತದೆ.

"ಮಾವ, ಇದನ್ನ ಯಾರು ಹಾಕಿದ್ದು?"

ಹೋದ ವಾರ ಕೆಲಸವಿಲ್ಲದ ಒಂದು ಮಧ್ಯಾಹ್ನ ಸೆಟ್ಟಿಂಗ್ ಎಲ್ಲ ಕೆದಕುತ್ತ ಕೂತಿದ್ದು ನೆನಪಾಯಿತು. ಇಗ್ನೋರ್ ಅಂತ ಕಂಡಿದ್ದೇ ಪೀಡೆ ಕಳೆಯಿತೆಂದು ಒತ್ತಿದ್ದೆ. "ಅಪ್‌ಡೇಟ್ ಆದಾಗ ಬಂದಿರ್ಬೇಕು" ಅಂದೆ. ಟಿಕ್ ತೆಗೆದೆ, ಓಕೆ ಒತ್ತಿದೆ, ಎಕ್ಸೆಲ್ ಮುಚ್ಚಿ ಡಬಲ್ ಕ್ಲಿಕ್ ಮಾಡಿದೆ. ಮಳೆ ನಿಂತು ಹೊಳವಾದ ಹಾಗೆ ಲೆಕ್ಕ ಬಂತು.

"ಔಷಧಿ ಹೊಡೆದದ್ದು 4 ದಿನ" ಅಂತ ಗಂಭೀರವಾಗಿ ಓದಿದೆ.

"5" ಅಂದ ಕೊನೆಗೌಡ.

"ಕಂಪ್ಯೂಟರ್ 4 ಅಂತದಲ್ಲೋ."

ಒಳಗಿನಿಂದ ದನಿ ಬಂತು: "ಐದೇಯ! ಐದು ದಿನವೂ ಊಟ ಬಡ್ಸಿದ್ದು ಆನು."

5 ದಿನದ್ದು ಎಣಿಸಿ ಕೊಟ್ಟೆ.